ಎಂವಿಪಿ ಬಿಟ್ಟರೆ ಯಾವ ಕಪ್‌ಗೆ ತೂಕ ಜಾಸ್ತಿ?

ಜೂನ್‌ನಲ್ಲಿ ನಮ್ಮ ಬಳ್ಳಾರಿಯಲ್ಲಿ ಬೆಳಿಗ್ಗೆ ಆರಕ್ಕೇ ಬೆವರು ಶುರು. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಫೈನಲ್ಸ್ ಶುರುವಾಗುವುದೂ ನಮ್ಮ ಗಡಿಯಾರದಲ್ಲಿ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಮೊಬೈಲ್ ಹಿಡಿದು ಮ್ಯಾಚ್ ನೋಡುತ್ತಾ, ಹಾಫ್‌ಟೈಮಿನಲ್ಲಿ ಓಡಿಹೋಗಿ ಒಗ್ಗರಣೆ ಮಿರ್ಚಿ ಕಟ್ಟಿಸಿಕೊಂಡು ಬರುವ ಒಂದು ಸಣ್ಣ ಗುಂಪು ನಮ್ಮದು. ಸಂಜೆ ಬಿಸಿಲು ಇಳಿದ ಮೇಲೆ ಅದೇ ಗುಂಪು ಸಿಮೆಂಟ್ ಕೋರ್ಟಿನಲ್ಲಿ ಸೇರುತ್ತದೆ. ಅರ್ಧ ಗಂಟೆ ಆಟ, ಒಂದು ಗಂಟೆ ಜಗಳ. ಈ ವರ್ಷದ ಜಗಳ ಇದು: ಎಂವಿಪಿಯನ್ನು, ಅಂದರೆ ವರ್ಷದ ಅತ್ಯುತ್ತಮ ಆಟಗಾರನ ಪ್ರಶಸ್ತಿಯನ್ನು, ಪಕ್ಕಕ್ಕಿಟ್ಟರೆ ಉಳಿದ ಪ್ರಶಸ್ತಿಗಳಲ್ಲಿ ಆಟಗಾರನ ಬದುಕಿಗೆ ನಿಜವಾಗಿ ಕೆಲಸಕ್ಕೆ ಬರುವುದು ಯಾವುದು?

ಹುಡುಗರೆಲ್ಲ ಒಂದೇ ದನಿಯಲ್ಲಿ ಫೈನಲ್ಸ್ ಎಂವಿಪಿ (ಫೈನಲ್ಸ್‌ನ ಅತ್ಯುತ್ತಮ ಆಟಗಾರನಿಗೆ ಕೊಡುವುದು) ಎನ್ನುತ್ತಾರೆ. ನಾನು ಅಲ್ಲ ಎನ್ನುತ್ತೇನೆ. ಕೋರ್ಟಿನಲ್ಲಿ ನಿಂತು ಇಷ್ಟೆಲ್ಲ ಹೇಳಲು ಯಾರೂ ಬಿಡುವುದಿಲ್ಲ, ಅದಕ್ಕೇ ಇಲ್ಲಿ ಕೂತು ಬರೆಯುತ್ತಿದ್ದೇನೆ.

ಒಂದು ಹೆಸರಿನಿಂದ ಶುರು ಮಾಡೋಣ. ಬೋಸ್ಟನ್‌ನ ಜೇಲನ್ ಬ್ರೌನ್. 2023ರಲ್ಲಿ ಇವನು ಆಲ್-ಎನ್‌ಬಿಎ ಎರಡನೇ ತಂಡಕ್ಕೆ ಆಯ್ಕೆಯಾದ. ಆಲ್-ಎನ್‌ಬಿಎ ಅಂದರೆ ವರ್ಷದ ಹದಿನೈದು ಒಳ್ಳೆಯ ಆಟಗಾರರ ಪಟ್ಟಿ, ಐದೈದು ಜನರ ಮೂರು ತಂಡ. ಇವನದು ಎರಡನೇ ತಂಡ, ಮೊದಲನೆಯದೂ ಅಲ್ಲ. ಆ ಆಯ್ಕೆಯ ಮೇಲೆಯೇ ಅದೇ ಬೇಸಿಗೆಯಲ್ಲಿ ಐದು ವರ್ಷಕ್ಕೆ 30 ಕೋಟಿ ಡಾಲರ್ ದಾಟುವ ಒಪ್ಪಂದ ಸಿಕ್ಕಿತು. ಆ ಹೊತ್ತಿಗೆ ಅದು ಎನ್‌ಬಿಎ ಚರಿತ್ರೆಯಲ್ಲೇ ದೊಡ್ಡ ಒಪ್ಪಂದ. ಮರುವರ್ಷ, 2024ರಲ್ಲಿ, ಬೋಸ್ಟನ್ ಚಾಂಪಿಯನ್ ಆಯಿತು, ಬ್ರೌನ್ ಫೈನಲ್ಸ್ ಎಂವಿಪಿ ಆದ. ಆ ವರ್ಷ ಆಲ್-ಎನ್‌ಬಿಎ ಹದಿನೈದು ಜನರ ಪಟ್ಟಿಯಲ್ಲಿ ಅವನ ಹೆಸರೇ ಇರಲಿಲ್ಲ. ಈಗ ಇದನ್ನು ತಿರುಗಿಸಿ ನೋಡಿ. ಒಪ್ಪಂದದ ಹೊತ್ತಿಗೆ ಅವನ ಕೈಯಲ್ಲಿ ಫೈನಲ್ಸ್ ಎಂವಿಪಿ ಇದ್ದು, ಆಲ್-ಎನ್‌ಬಿಎ ಇಲ್ಲದೇ ಹೋಗಿದ್ದರೆ? ಆ ದೊಡ್ಡ ಮೊತ್ತದ ಬಾಗಿಲು ತೆರೆಯುತ್ತಲೇ ಇರಲಿಲ್ಲ. ಏಕೆಂದರೆ ಆ ನಿಯಮದಲ್ಲಿ ಫೈನಲ್ಸ್ ಎಂವಿಪಿಗೆ ಜಾಗವೇ ಇಲ್ಲ.

ಯಾವ ನಿಯಮ ಅಂತ ಕೇಳುತ್ತೀರಿ. ಸ್ವಲ್ಪ ತಾಳ್ಮೆ ಇಟ್ಟು ಓದಿ, ಇದೊಂದು ಗೊತ್ತಾದರೆ ಅರ್ಧ ಜಗಳ ಮುಗಿಯುತ್ತದೆ.

ಎನ್‌ಬಿಎಯಲ್ಲಿ ಒಬ್ಬ ಆಟಗಾರನಿಗೆ ಎಷ್ಟು ಕೊಡಬಹುದು ಎನ್ನುವುದಕ್ಕೆ ಮಿತಿ ಇದೆ. ತಂಡದ ಒಟ್ಟು ಸಂಬಳದ ಮಿತಿಯಲ್ಲಿ ಇಂತಿಷ್ಟು ಪಾಲು ಅಂತ ಲೆಕ್ಕ. ಹೊಸ ಹುಡುಗನ ಮೊದಲ ಒಪ್ಪಂದ ಮುಗಿದ ಮೇಲೆ ಗರಿಷ್ಠ 25%. ಏಳೆಂಟು ವರ್ಷ ಆಡಿದವನಿಗೆ 30%. ಆದರೆ ಕೆಲವು ಪ್ರಶಸ್ತಿ ಪಡೆದವರಿಗೆ ಒಂದು ಮೆಟ್ಟಿಲು ಮೇಲೆ ಹತ್ತಲು ಅವಕಾಶ ಉಂಟು: 25% ಇದ್ದವನಿಗೆ 30%, 30% ಇದ್ದವನಿಗೆ 35%. ಮೊದಲನೆಯದನ್ನು ರೋಸ್ ರೂಲ್ ಅಂತಾರೆ, 2011ರಲ್ಲಿ 22ನೇ ವಯಸ್ಸಿಗೆ ಎಂವಿಪಿ ಆದ ಡೆರಿಕ್ ರೋಸ್ ಹೆಸರಿನಲ್ಲಿ. ಎರಡನೆಯದು 2017ರಲ್ಲಿ ಬಂದ ಸೂಪರ್‌ಮ್ಯಾಕ್ಸ್. ಮೆಟ್ಟಿಲು ಹತ್ತಿಸುವ ಪ್ರಶಸ್ತಿಗಳು ಮೂರೇ. ಎಂವಿಪಿ, ಡಿಫೆನ್ಸಿವ್ ಪ್ಲೇಯರ್ ಆಫ್ ದಿ ಇಯರ್ (ಎದುರಾಳಿಯನ್ನು ತಡೆಯುವುದರಲ್ಲಿ ವರ್ಷದ ಅತ್ಯುತ್ತಮ), ಆಲ್-ಎನ್‌ಬಿಎ. ಎಂವಿಪಿ ಆದರೆ ಹಿಂದಿನ ಮೂರು ವರ್ಷದಲ್ಲಿ ಒಂದು ಸಲ ಸಾಕು. ಉಳಿದೆರಡು ಆದರೆ ಈಗಷ್ಟೇ ಮುಗಿದ ವರ್ಷದಲ್ಲಿ ಸಿಕ್ಕಿರಬೇಕು, ಇಲ್ಲವೇ ಮೂರರಲ್ಲಿ ಎರಡು ವರ್ಷ ಸಿಕ್ಕಿರಬೇಕು.

ಅಷ್ಟೇ. ಬೇರೆ ಯಾವ ಕಪ್ ತಂದರೂ ಈ ಕೌಂಟರಿನಲ್ಲಿ ಅದು ನಡೆಯುವುದಿಲ್ಲ.

ಅದಕ್ಕೇ ನನ್ನ ಪಟ್ಟಿಯಲ್ಲಿ ಆಲ್-ಎನ್‌ಬಿಎ ಮೊದಲು. ಎಂವಿಪಿ ವರ್ಷಕ್ಕೊಬ್ಬ, ಡಿಫೆನ್ಸ್ ಪ್ರಶಸ್ತಿಯೂ ವರ್ಷಕ್ಕೊಬ್ಬ, ಇದರಲ್ಲಿ ಹದಿನೈದು ಕುರ್ಚಿ. ಮೂರನೇ ತಂಡ ಸೇರಿಸಿದ್ದು 1988-89ರಲ್ಲಿ. ಆಗ ಅದು ಸುಮ್ನೆ ಒಂದು ಗೌರವ ಅಷ್ಟೇ ಆಗಿತ್ತು. ಈಗ ಹದಿನೈದನೆಯವನಿಗೂ ಹದಿನಾರನೆಯವನಿಗೂ ನಡುವೆ ಇರುವ ಅಂತರ ಎಷ್ಟು ಅಂತ ನೋಡಿ. 2021ರಲ್ಲಿ ಜೇಸನ್ ಟೇಟಮ್ ಹೆಸರು ಪಟ್ಟಿಯಲ್ಲಿ ಬರಲಿಲ್ಲ. ಅಷ್ಟಕ್ಕೇ ಅವನ ಒಪ್ಪಂದದಲ್ಲಿ 3 ಕೋಟಿ ಡಾಲರ್‌ಗೂ ಜಾಸ್ತಿ ಹೋಯಿತು. 2024ರಲ್ಲಿ ಟೈರೀಸ್ ಹ್ಯಾಲಿಬರ್ಟನ್ ಮೂರನೇ ತಂಡಕ್ಕೆ ಬಂದ, ಅವನಿಗೆ ಸುಮಾರು 4 ಕೋಟಿ ಡಾಲರ್ ಸೇರಿತು. ಇದನ್ನೆಲ್ಲ ತೀರ್ಮಾನಿಸುವವರು ಯಾರು? ಆಟವನ್ನು ವರದಿ ಮಾಡುವ, ಟಿವಿಯಲ್ಲಿ ಮಾತಾಡುವ ನೂರು ಮಂದಿ. ಪತ್ರಕರ್ತರ ಚೀಟಿಯ ಮೇಲೆ ಒಬ್ಬನ ಸಂಬಳ ನಿಲ್ಲುವುದು ಸರಿಯಾ ಅನ್ನುವುದು ಬೇರೆ ಜಗಳ, ಅದಕ್ಕೆ ಇನ್ನೊಂದು ಪ್ಲೇಟ್ ಮಿರ್ಚಿ ಬೇಕು.

ಬರೀ ದುಡ್ಡಲ್ಲ, ಊರೂ ಬದಲಾಗುತ್ತದೆ. 2017ರಲ್ಲಿ ಪಾಲ್ ಜಾರ್ಜ್‌ಗೆ ಆಲ್-ಎನ್‌ಬಿಎ ತಪ್ಪಿತು. ಹಾಗಾಗಿ ಇಂಡಿಯಾನಾ ತಂಡ ಅವನಿಗೆ ಸೂಪರ್‌ಮ್ಯಾಕ್ಸ್ ಕೊಡುವಂತೆಯೇ ಇರಲಿಲ್ಲ. ಬೇರೆಯವರಿಗಿಂತ ಜಾಸ್ತಿ ಕೊಟ್ಟು ಉಳಿಸಿಕೊಳ್ಳುವ ದಾರಿ ಮುಚ್ಚಿತು, ಅದೇ ಬೇಸಿಗೆಯಲ್ಲಿ ಅವನು ಓಕ್ಲಹೋಮಕ್ಕೆ ಹೋದ. ಕೇವಲ ಅದೊಂದೇ ಕಾರಣ ಅಂತ ನಾನು ಹೇಳುತ್ತಿಲ್ಲ, ಅವನಿಗೂ ಹೊರಗೆ ಹೋಗುವ ಮನಸ್ಸಿತ್ತು. ಆದರೆ ಮನಸ್ಸು ತಿರುಗಿಸಲು ತಂಡದ ಕೈಯಲ್ಲಿ ಏನೂ ಉಳಿದಿರಲಿಲ್ಲ.

ಇನ್ನೊಂದು ಕೊಕ್ಕೆ ಇದೆ. ಸೂಪರ್‌ಮ್ಯಾಕ್ಸ್ ಕೊಡುವುದು ನಿಮ್ಮನ್ನು ಮೊದಲು ಆರಿಸಿದ ತಂಡ, ಇಲ್ಲವೇ ಮೊದಲ ಒಪ್ಪಂದದ ಅವಧಿಯಲ್ಲೇ ನಿಮ್ಮನ್ನು ಟ್ರೇಡ್‌ನಲ್ಲಿ (ತಂಡಗಳ ನಡುವಿನ ಆಟಗಾರರ ಅದಲುಬದಲಿನಲ್ಲಿ) ಪಡೆದ ತಂಡ ಮಾತ್ರ. ಡಿಮಾರ್ಕಸ್ ಕಸಿನ್ಸ್ ಪ್ರಶಸ್ತಿ ಎಲ್ಲ ಸಂಪಾದಿಸಿ ಅರ್ಹತೆ ಕಟ್ಟಿಕೊಂಡು ಕೂತಿದ್ದ. 2017ರ ಫೆಬ್ರವರಿಯಲ್ಲಿ ಸ್ಯಾಕ್ರಮೆಂಟೊ ಅವನನ್ನು ನ್ಯೂ ಆರ್ಲಿಯನ್ಸ್‌ಗೆ ಕಳಿಸಿಬಿಟ್ಟಿತು, ಅರ್ಹತೆ ಅಲ್ಲೇ ಆವಿ. ಕೆಂಬಾ ವಾಕರ್ ಕಥೆ ಇನ್ನೂ ಬೇರೆ. 2019ರಲ್ಲಿ ಮೂರನೇ ತಂಡಕ್ಕೆ ಬಂದು ಅರ್ಹನಾದ, ಆದರೆ ಷಾರ್ಲೆಟ್ ಅಷ್ಟು ಪೂರ್ತಿ ಕೊಡಲು ಒಪ್ಪಲಿಲ್ಲ, ಅವನು ಕಡಿಮೆ ಮೊತ್ತಕ್ಕೆ ಬೋಸ್ಟನ್ ಸೇರಿದ. ಅಂದರೆ ಪ್ರಶಸ್ತಿ ಬಾಗಿಲು ತೆರೆಯುತ್ತದೆ, ಒಳಗಿರುವವರು ಬಾ ಅನ್ನಬೇಕಲ್ಲ.

2023-24ರಿಂದ ಎರಡು ಬದಲಾವಣೆ ಬಂದಿವೆ. ಒಂದು, ಪೊಸಿಷನ್ (ಕೋರ್ಟಿನಲ್ಲಿ ಆಡುವ ಜಾಗ) ನೋಡದೆ ಆರಿಸುತ್ತಾರೆ. ಮೊದಲು ಪ್ರತಿ ತಂಡಕ್ಕೆ ಒಬ್ಬನೇ ಸೆಂಟರ್ (ಬುಟ್ಟಿಯ ಹತ್ತಿರ ಆಡುವ ಎತ್ತರದವನು). ಅದಕ್ಕೇ ಜೋಯೆಲ್ ಎಂಬೀಡ್ 2021, 2022 ಎರಡೂ ವರ್ಷ ಎಂವಿಪಿ ಮತದಲ್ಲಿ ಎರಡನೆಯವನಾಗಿದ್ದರೂ ಆಲ್-ಎನ್‌ಬಿಎಯಲ್ಲಿ ಎರಡನೇ ತಂಡದಲ್ಲೇ ಕೂತ, ಮುಂದೆ ಇನ್ನೊಬ್ಬ ಸೆಂಟರ್ ಯೋಕಿಚ್ ಇದ್ದ. ಎರಡು, ಪಟ್ಟಿಗೆ ಬರಲು ಆ ವರ್ಷ ಕನಿಷ್ಠ 65 ಪಂದ್ಯ ಆಡಿರಬೇಕು. ಹ್ಯಾಲಿಬರ್ಟನ್ ಆ ವರ್ಷ ತೊಡೆಯ ಗಾಯದಲ್ಲಿದ್ದೇ ವಾಪಸ್ ಬಂದು ಆಡಿದ್ದು, ಈ ನಿಯಮ ದಡ್ಡತನದ್ದು ಅಂತ ಬಹಿರಂಗವಾಗಿ ಹೇಳಿದ್ದು ನೆನಪಿರಬಹುದು. ಬೈದ, ಆಡಿದ, 69 ಪಂದ್ಯ ಮುಗಿಸಿದ, ದುಡ್ಡು ತಗೊಂಡ. ನಾನಾಗಿದ್ದರೂ ಅಷ್ಟೇ.

ಇಲ್ಲಿ ನನ್ನದೊಂದು ಹಳೆಯ ಹೊಟ್ಟೆಯುರಿ ಹೇಳಿಬಿಡುತ್ತೇನೆ. ಕಾಲೇಜಿನಲ್ಲಿದ್ದಾಗ ಒಂದು ಟೂರ್ನಿಯಲ್ಲಿ ನನಗೆ ಬೆಸ್ಟ್ ಪ್ಲೇಯರ್ ಕಪ್ ಸಿಕ್ಕಿತ್ತು. ಎರಡು ಅಡಿ ಎತ್ತರ, ಮೇಲೆ ರೆಕ್ಕೆ ಬಿಚ್ಚಿದ ಹಕ್ಕಿ. ಆ ಟೂರ್ನಿಗೋಸ್ಕರ ವಿಶ್ವವಿದ್ಯಾಲಯದ ತಂಡದ ಆಯ್ಕೆಗೆ ನಾನು ಹೋಗಲಿಲ್ಲ, ದಿನ ಒಂದೇ ಆಗಿತ್ತು. ನಮ್ಮ ಜೊತೆ ಬೆಂಚಿನಲ್ಲಿ ಕೂರುತ್ತಿದ್ದ ಒಬ್ಬ ಹೋದ. ಹನ್ನೆರಡನೆಯವನಾಗಿ ಆಯ್ಕೆಯಾದ. ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಗೆ ಹೋಗಿ ಬಂದ, ಅಲ್ಲಿ ಎಷ್ಟು ನಿಮಿಷ ಆಡಿದನೋ ದೇವರೇ ಬಲ್ಲ. ಕೇಂದ್ರ ಸರ್ಕಾರದ ಕ್ರೀಡಾ ಕೋಟಾದ ಕೆಲಸಕ್ಕೆ ಸರ್ಟಿಫಿಕೇಟುಗಳ ನಮೂನೆ ಇದೆ. ಅಂತರರಾಷ್ಟ್ರೀಯ ಮಟ್ಟಕ್ಕೆ ಫಾರ್ಮ್ 1, ರಾಜ್ಯದ ಪರ ರಾಷ್ಟ್ರೀಯ ಪಂದ್ಯ ಆಡಿದರೆ ಫಾರ್ಮ್ 2, ವಿಶ್ವವಿದ್ಯಾಲಯದ ಪರ ಆಡಿದರೆ ಫಾರ್ಮ್ 3, ರಾಷ್ಟ್ರೀಯ ಶಾಲಾ ಕ್ರೀಡೆಗೆ ಫಾರ್ಮ್ 4. ಬೆಸ್ಟ್ ಪ್ಲೇಯರ್ ಕಪ್‌ಗೆ ಯಾವ ಫಾರ್ಮೂ ಇಲ್ಲ. ಅವನು ಈಗ ಸರ್ಕಾರಿ ನೌಕರ. ನನ್ನ ಕಪ್‌ನಲ್ಲಿ ಅಮ್ಮ ಬಟ್ಟೆ ಕ್ಲಿಪ್ಪು ಹಾಕಿಡುತ್ತಾಳೆ.

ಹಾಗಾಗಿ ಯಾವ ಪ್ರಶಸ್ತಿ ಕಂಡರೂ ನಾನು ಮೊದಲು ಕೇಳುವುದು ಇದು ಯಾವ ಫಾರ್ಮಿನಲ್ಲಿ ತುಂಬುತ್ತದೆ ಅಂತ.

ಎರಡನೇ ಜಾಗ ಡಿಫೆನ್ಸಿವ್ ಪ್ಲೇಯರ್‌ಗೆ. ಇದಕ್ಕೂ ಫಾರ್ಮ್ ಇದೆ. ಇವಾನ್ ಮೋಬ್ಲಿ 2025ರಲ್ಲಿ ಇದನ್ನು ಗೆದ್ದಾಗ ಅವನ ಐದು ವರ್ಷದ ಒಪ್ಪಂದ ಸುಮಾರು 22.4 ಕೋಟಿ ಡಾಲರ್‌ನಿಂದ 26.9 ಕೋಟಿಗೆ ಏರಿತು. ಆದರೆ ಇದನ್ನು ನಾನು ಇಷ್ಟಪಡುವುದು ದುಡ್ಡಿಗಲ್ಲ. ಪಾಯಿಂಟ್ ಹಾಕದವನಿಗೆ ಹಾಲ್ ಆಫ್ ಫೇಮ್‌ನ (ಬ್ಯಾಸ್ಕೆಟ್‌ಬಾಲ್ ದಿಗ್ಗಜರ ಗೌರವಪಟ್ಟಿಯ) ಬಾಗಿಲು ತೆರೆಯುವ ಪ್ರಶಸ್ತಿ ಇದೊಂದೇ. ಬೆನ್ ವಾಲೇಸ್‌ನನ್ನು ನೋಡಿ. ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಲ್ಲಿ ಹೊಸಬರನ್ನು ಆರಿಸುವಾಗ, ಯಾರೂ ಆರಿಸಲಿಲ್ಲ. ಇಡೀ ವೃತ್ತಿಯಲ್ಲಿ ಪಂದ್ಯಕ್ಕೆ ಸರಾಸರಿ 5.7 ಪಾಯಿಂಟ್. ನಮ್ಮ ಕೋರ್ಟಿನಲ್ಲಿ ಆ ಲೆಕ್ಕದವನನ್ನು ನೀರು ತರಲು ಕಳಿಸುತ್ತೇವೆ. ಆದರೆ 2002ರಿಂದ 2006ರ ನಡುವೆ ನಾಲ್ಕು ಸಲ ಈ ಪ್ರಶಸ್ತಿ, 2021ರಲ್ಲಿ ಹಾಲ್ ಆಫ್ ಫೇಮ್. ಮೈಕೆಲ್ ಕೂಪರ್ ಒಂದು ಸಲವೂ ಆಲ್-ಸ್ಟಾರ್ (ಲೀಗಿನ ತಾರೆಯರ ಪ್ರದರ್ಶನ ಪಂದ್ಯ) ಆಡಿದವನಲ್ಲ. 1987ರಲ್ಲಿ ಈ ಪ್ರಶಸ್ತಿ ಇತ್ತು, ಲೇಕರ್ಸ್ ಜೊತೆ ಐದು ಚಾಂಪಿಯನ್‌ಷಿಪ್ ಇದ್ದವು, 2024ರಲ್ಲಿ ಅವನನ್ನೂ ಒಳಗೆ ಕರೆದರು. ನಾಲ್ಕು ಸಲ ಗೆದ್ದವರು ಇನ್ನಿಬ್ಬರಿದ್ದಾರೆ, ಮುಟೊಂಬೊ ಮತ್ತು ಗೊಬೇರ್. ಮುಟೊಂಬೊ 2015ರಲ್ಲೇ ಹಾಲ್ ಸೇರಿದ. ಗೊಬೇರ್ ಬಗ್ಗೆ ನಮ್ಮ ಹುಡುಗರು ಏನೇ ತಮಾಷೆ ಮಾಡಲಿ, ಅವನ ಹೆಸರೂ ಒಂದು ದಿನ ಅಲ್ಲಿರುತ್ತದೆ, ಬರೆದಿಟ್ಟುಕೊಳ್ಳಿ.

ಹಾಗಂತ ಇದು ಕೆಲಸದ ಗ್ಯಾರಂಟಿ ಅಂದುಕೊಳ್ಳಬೇಡಿ. ಮಾರ್ಕಸ್ ಸ್ಮಾರ್ಟ್ 2022ರಲ್ಲಿ ಗೆದ್ದ. 1996ರ ಗ್ಯಾರಿ ಪೇಟನ್ ನಂತರ ಒಬ್ಬ ಗಾರ್ಡ್ (ಚೆಂಡನ್ನು ಮುಂದೆ ನಡೆಸುವವನು) ಗೆದ್ದದ್ದು ಅದೇ ಮೊದಲು, ಬೋಸ್ಟನ್ ಜನ ಅವನನ್ನು ತಲೆ ಮೇಲೆ ಹೊತ್ತು ಕುಣಿದರು. ಮರುವರ್ಷ ಜೂನ್‌ನಲ್ಲಿ ಮೆಂಫಿಸ್‌ಗೆ ಟ್ರೇಡ್.

ಈಗ ಫೈನಲ್ಸ್ ಎಂವಿಪಿಗೆ ಬರೋಣ, ಇಲ್ಲದಿದ್ದರೆ ಹುಡುಗರು ನನ್ನನ್ನು ಬಿಡುವುದಿಲ್ಲ. ನನ್ನ ಪಟ್ಟಿಯಲ್ಲಿ ಮೂರನೆಯದು. ದುಡ್ಡಿನ ಫಾರ್ಮ್ ಇಲ್ಲ ಅಂದೆ. ಆದರೆ ಜನರ ನೆನಪು ಅಂತ ಒಂದು ಇದೆ ಅಲ್ವಾ, ಅಲ್ಲಿ ಇದಕ್ಕೆ ಸಾಟಿ ಇಲ್ಲ. ಸ್ಟೆಫ್ ಕರಿ 2015, 2017, 2018ರಲ್ಲಿ ಚಾಂಪಿಯನ್. ಎರಡು ಸಲ ಎಂವಿಪಿ. ಆದರೂ ವರ್ಷಗಟ್ಟಲೆ ಒಂದೇ ಹಾಡು: ಫೈನಲ್ಸ್ ಎಂವಿಪಿ ಎಲ್ಲಿ? 2015ರಲ್ಲಿ ಅದು ಅವನದೇ ತಂಡದ ಆಂಡ್ರೆ ಇಗ್ವೊಡಾಲಾಗೆ ಹೋಗಿತ್ತು, ಆಮೇಲೆ ಎರಡು ಸಲ ಡುರಾಂಟ್‌ಗೆ. 2022ರಲ್ಲಿ ಕರಿಗೆ ಸಿಕ್ಕಿತು. ಅವತ್ತು ಬೆಳಿಗ್ಗೆ ನಮ್ಮ ಗುಂಪಿನಲ್ಲಿ ಇಬ್ಬರು ಏಳು ವರ್ಷದ ವಾದ ಒಂದೇ ಕ್ಷಣದಲ್ಲಿ ನಿಲ್ಲಿಸಿದರು. ಒಂದು ಕಪ್ ಅಷ್ಟು ಮಾಡಿದರೆ ಸಾಕಲ್ಲ.

ಇಗ್ವೊಡಾಲಾ ವಿಷಯವೇ ತಗೊಳ್ಳಿ. 2015ರ ಇಡೀ ಲೀಗ್ ಹಂತದಲ್ಲಿ ಅವನು ಒಂದು ಪಂದ್ಯವನ್ನೂ ಶುರುವಿನಿಂದ ಆಡಿರಲಿಲ್ಲ. ಫೈನಲ್ಸ್‌ನ ನಾಲ್ಕನೇ ಪಂದ್ಯದಿಂದ ಶುರುವಿನಲ್ಲೇ ಕಣಕ್ಕಿಳಿಸಿದರು, ಎದುರು ತಂಡದ ಲೆಬ್ರಾನ್ ಹಿಂದೆ ಓಡಿದ, ಕಪ್ ಬಂತು. ಒಳ್ಳೆಯ ಆಟಗಾರ, ಅನುಮಾನವಿಲ್ಲ. ಆದರೆ ಅವನ ಪರಿಚಯ ಈಗ ಶುರುವಾಗುವುದೇ ಆ ಕಪ್‌ನಿಂದ. ಚಾನ್ಸಿ ಬಿಲಪ್ಸ್‌ಗೂ ಹಾಗೇ. 1997ರ ಡ್ರಾಫ್ಟ್‌ನಲ್ಲಿ ಮೂರನೆಯವನಾಗಿ ಬಂದು, ತಂಡದಿಂದ ತಂಡಕ್ಕೆ ಅಲೆದು, ಡೆಟ್ರಾಯಿಟ್‌ನಲ್ಲಿ ನೆಲೆ ಕಂಡು 2004ರಲ್ಲಿ ಫೈನಲ್ಸ್ ಎಂವಿಪಿ. ವಾಲೇಸ್ ಇದ್ದ ತಂಡವೇ ಅದು.

ಆದರೂ ಇದು ಆರೇಳು ಪಂದ್ಯದ ಪ್ರಶಸ್ತಿ, ಅದೂ ನಿಮ್ಮ ತಂಡ ಗೆದ್ದರೆ ಮಾತ್ರ. 1969ರಲ್ಲಿ ಮೊದಲ ಸಲ ಕೊಟ್ಟಾಗ ಸೋತ ತಂಡದ ಜೆರ್ರಿ ವೆಸ್ಟ್‌ಗೆ ಹೋಗಿತ್ತು. ಅದೇ ಮೊದಲು, ಅದೇ ಕೊನೆ. ಬಹುಮಾನವಾಗಿ ಒಂದು ಕಾರು ಕೊಟ್ಟರು, ಅದರ ಬಣ್ಣ ಹಸಿರು. ಅವನನ್ನು ಸೋಲಿಸಿದ ಬೋಸ್ಟನ್‌ನ ಬಣ್ಣ! ಗಾಯಕ್ಕೆ ಉಪ್ಪು ಅಂದರೆ ಇದೇ. ಮತ್ತೆ ಸೆಡ್ರಿಕ್ ಮ್ಯಾಕ್ಸ್‌ವೆಲ್ ಅಂತ ಒಬ್ಬ, 1981ರ ಫೈನಲ್ಸ್ ಎಂವಿಪಿ. ನಿವೃತ್ತಿಯಾಗಿ ದಶಕಗಳು ಕಳೆದರೂ ಹಾಲ್ ಆಫ್ ಫೇಮ್ ಅವನನ್ನು ಕರೆಯಲಿಲ್ಲ. ಒಂದು ವಾರದ ಹೀರೋಗಿರಿ ಒಂದೇ ಸಾಕಾಗುವುದಿಲ್ಲ.

ಆಲ್-ಸ್ಟಾರ್ ಆಯ್ಕೆ ನಾಲ್ಕನೆಯದು. ಇದು ಕಪ್ ಅಲ್ಲ, ಆಹ್ವಾನ. ಆಟ ಅಂತೂ ಮದುವೆ ಮನೆಯ ಗದ್ದಲ, ಯಾರೂ ಡಿಫೆನ್ಸ್ ಮಾಡುವುದಿಲ್ಲ. ಆದರೆ ಇಲ್ಲಿ ಮುಖ್ಯ ಎಷ್ಟು ಸಲ ಅನ್ನುವುದು. ಆಟಗಾರನ ಬಗ್ಗೆ ಎಲ್ಲೇ ಬರೆದರೂ ಮೊದಲ ಸಾಲಿನಲ್ಲಿ ಇಷ್ಟು ಸಲ ಆಲ್-ಸ್ಟಾರ್ ಅಂತ ಇರುತ್ತದೆ, ಹಾಲ್ ಆಫ್ ಫೇಮ್ ಲೆಕ್ಕ ಹಾಕುವವರೂ ಅದನ್ನೇ ಮೊದಲು ಎಣಿಸುತ್ತಾರೆ. ಒಂದು ಸಲ ಬಂದರೆ ಅದೃಷ್ಟ ಅಂತಾರೆ. ಎಂಟು ಸಲ ಬಂದೂ ಹೊರಗುಳಿದ ಲ್ಯಾರಿ ಫೌಸ್ಟ್ ಥರದವರು ಅಪರೂಪ. ಹಿಂದೆ ಅಭಿಮಾನಿಗಳ ಮತದಿಂದ ಆಲ್-ಸ್ಟಾರ್‌ನಲ್ಲಿ ಸ್ಟಾರ್ಟರ್ (ಶುರುವಿನಲ್ಲೇ ಕಣಕ್ಕಿಳಿಯುವ ಐವರಲ್ಲಿ ಒಬ್ಬ) ಆಗಿ ಎರಡು ಸಲ ಆಯ್ಕೆಯಾದರೂ ರೋಸ್ ರೂಲ್ ಸಿಗುತ್ತಿತ್ತು, 2017ರಲ್ಲಿ ಅದನ್ನು ತೆಗೆದುಹಾಕಿದರು. ಒಳ್ಳೆಯದೇ ಆಯಿತು. ಅಭಿಮಾನಿಗಳ ಮತ ಅಂದರೆ ನಮಗೆ ಗೊತ್ತಲ್ಲ. ಅದೇ 2017ರಲ್ಲಿ ಝಾಝಾ ಪಚೂಲಿಯಾ ಅನ್ನುವ ಸಾಧಾರಣ ಸೆಂಟರ್ ಪಶ್ಚಿಮ ವಿಭಾಗದ ಫ್ರಂಟ್‌ಕೋರ್ಟ್ (ಬುಟ್ಟಿಯ ಕಡೆ ಆಡುವ ಎತ್ತರದವರ) ಪಟ್ಟಿಯಲ್ಲಿ ಅಭಿಮಾನಿಗಳ ಮತದಲ್ಲಿ ಎರಡನೆಯವನಾಗಿದ್ದ. ಆ ವರ್ಷದಿಂದ ಸ್ಟಾರ್ಟರ್ ಆಯ್ಕೆಯಲ್ಲಿ ಅಭಿಮಾನಿಗಳಿಗೆ ಅರ್ಧ, ಆಟಗಾರರಿಗೆ ಕಾಲು, ಮಾಧ್ಯಮಕ್ಕೆ ಕಾಲು ಅಂತ ಹಂಚಿದ್ದರಿಂದ ಅವನು ಬರಲಿಲ್ಲ.

ಇನ್ನು ಸಿಕ್ಸ್ತ್ ಮ್ಯಾನ್, ಅಂದರೆ ಬೆಂಚಿನಿಂದ ಬಂದು ಆಡುವವರಲ್ಲಿ ಒಳ್ಳೆಯವನು. ಇದರ ಬಗ್ಗೆ ನನಗೆ ಎರಡು ಮನಸ್ಸು. ಜಮಾಲ್ ಕ್ರಾಫರ್ಡ್ ಮೂರು ಸಲ, ಲೂ ವಿಲಿಯಮ್ಸ್ ಮೂರು ಸಲ ಗೆದ್ದರು. ಇಬ್ಬರೂ ಒಂದು ಸಲವೂ ಆಲ್-ಸ್ಟಾರ್ ಅಲ್ಲ. ಆದರೆ ಇಬ್ಬರೂ ಹದಿನೇಳು, ಇಪ್ಪತ್ತು ವರ್ಷ ಲೀಗಿನಲ್ಲಿ ಉಳಿದರು, ಬಂದು ಪಾಯಿಂಟ್ ಹಾಕುವವನು ಎಲ್ಲ ತಂಡಕ್ಕೂ ಬೇಕು ಅನ್ನುವ ಹೆಸರಿನ ಮೇಲೆ. ಅಷ್ಟು ಉದ್ದದ ವೃತ್ತಿ ಸಣ್ಣದಲ್ಲ. ಇನ್ನೊಂದು ಮಗ್ಗುಲು: ಬೆಂಚಿನವನು ಅನ್ನುವ ಚೀಟಿ ಹಣೆಗೆ ಅಂಟುತ್ತದೆ. ಮಾಂಟ್ರೆಜ್ ಹ್ಯಾರೆಲ್ 2020ರಲ್ಲಿ ಗೆದ್ದ, ಅದೇ ವರ್ಷ ಅವನ ಒಪ್ಪಂದ ಮುಗಿಯಿತು, ಎಲ್ಲರೂ ದೊಡ್ಡ ಮೊತ್ತ ನಿರೀಕ್ಷಿಸಿದ್ದರು. ಸಿಕ್ಕಿದ್ದು ಲೇಕರ್ಸ್‌ನಲ್ಲಿ ಎರಡು ವರ್ಷದ ಸಾಧಾರಣ ಒಪ್ಪಂದ. ಚೀಟಿ ಕಿತ್ತುಕೊಂಡವನು ಅಂದರೆ ಜೇಮ್ಸ್ ಹಾರ್ಡನ್. 2012ರಲ್ಲಿ ಗೆದ್ದು, ಅದೇ ಅಕ್ಟೋಬರ್‌ನಲ್ಲಿ ಹ್ಯೂಸ್ಟನ್‌ಗೆ ಹೋಗಿ, 2018ರಲ್ಲಿ ಎಂವಿಪಿ. ಜಿನೋಬಿಲಿ 2008ರಲ್ಲಿ ಗೆದ್ದ, ಎರಡೇ ಸಲ ಆಲ್-ಸ್ಟಾರ್, ಆದರೂ 2022ರಲ್ಲಿ ಹಾಲ್ ಸೇರಿದ. ಅದಕ್ಕೆ ಸ್ಯಾನ್ ಆಂಟೋನಿಯೋದ ನಾಲ್ಕು ಚಾಂಪಿಯನ್‌ಷಿಪ್, 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಅರ್ಜೆಂಟೀನಾದ ಚಿನ್ನ ಕಾರಣ, ಸಿಕ್ಸ್ತ್ ಮ್ಯಾನ್ ಅಲ್ಲ.

ಮೋಸ್ಟ್ ಇಂಪ್ರೂವ್ಡ್, ಅಂದರೆ ಹೆಚ್ಚು ಸುಧಾರಿಸಿದವನ ಪ್ರಶಸ್ತಿಯ ಬಗ್ಗೆ ನನ್ನ ಸಲಹೆ: ಯಾವಾಗ ಬಂತು ಅಂತ ನೋಡಿ. ಒಪ್ಪಂದ ಮುಗಿಯುವ ವರ್ಷ ಬಂದರೆ ಬಂಗಾರ. ಜಿಮ್ಮಿ ಬಟ್ಲರ್ ಮೊದಲು ಕೊಡುತ್ತೇವೆ ಅಂದದ್ದನ್ನು ಬೇಡ ಅಂದು, 2015ರಲ್ಲಿ ಇದನ್ನು ಗೆದ್ದು, ಆ ಬೇಸಿಗೆಯಲ್ಲೇ ಗರಿಷ್ಠ ಒಪ್ಪಂದ ಪಡೆದ. ಯಾನಿಸ್ 2017ರಲ್ಲಿ ಗೆದ್ದು ಎರಡು ವರ್ಷಕ್ಕೆ ಎಂವಿಪಿ ಆದ, ಎರಡನ್ನೂ ಪಡೆದ ಮೊದಲಿಗ ಅವನೇ. ಆದರೆ 2010ರಲ್ಲಿ ಗೆದ್ದ ಆರನ್ ಬ್ರೂಕ್ಸ್‌ನನ್ನು ಮರುವರ್ಷವೇ ಟ್ರೇಡ್ ಮಾಡಿದರು. ಇದು ಏಣಿಯ ನಡುವಿನ ಮೆಟ್ಟಿಲು, ಅಲ್ಲೇ ಕೂರುವ ಜಾಗ ಅಲ್ಲ.

ರೂಕಿ ಆಫ್ ದಿ ಇಯರ್‌ಗೆ (ವರ್ಷದ ಅತ್ಯುತ್ತಮ ಹೊಸಬನ ಪ್ರಶಸ್ತಿಗೆ) ನಮ್ಮವರು ಕೊಡುವ ಬೆಲೆ ನನಗೆ ಅರ್ಥವೇ ಆಗುವುದಿಲ್ಲ. ಮೊದಲ ಸುತ್ತಿನಲ್ಲಿ ಬಂದ ಹೊಸಬನ ಸಂಬಳ ಡ್ರಾಫ್ಟ್‌ನಲ್ಲಿ ಎಷ್ಟನೆಯವನು ಅನ್ನುವುದರ ಮೇಲೆ ಮೊದಲೇ ನಿಂತಿರುತ್ತದೆ, ಪ್ರಶಸ್ತಿ ಅದನ್ನು ಬದಲಿಸುವುದಿಲ್ಲ. 2014ರಲ್ಲಿ ಗೆದ್ದ ಮೈಕೆಲ್ ಕಾರ್ಟರ್-ವಿಲಿಯಮ್ಸ್‌ನನ್ನು 2015ರ ಫೆಬ್ರವರಿಗೆ ಫಿಲಡೆಲ್ಫಿಯಾ ಸಾಗಹಾಕಿತು, ವರ್ಷವೂ ತುಂಬಿರಲಿಲ್ಲ. ಲಾಭ ಆಗುವುದು ಮಾಲ್ಕಮ್ ಬ್ರಾಗ್ಡನ್ ಥರದವರಿಗೆ. 36ನೆಯವನಾಗಿ ಬಂದು 2017ರಲ್ಲಿ ಗೆದ್ದ, ಯಾರೂ ಕೇಳದ ಹೆಸರಿಗೆ ಒಂದು ವಿಳಾಸ ಸಿಕ್ಕಿತು.

ಕ್ಲಚ್ ಪ್ಲೇಯರ್ (ಪಂದ್ಯದ ಕೊನೆಯ ಬಿಗಿ ಕ್ಷಣಗಳಲ್ಲಿ ಮಿಂಚುವವನಿಗೆ) 2022-23ರಲ್ಲಿ ಹುಟ್ಟಿದ ಕೂಸು, ಇನ್ನೂ ಅಂಬೆಗಾಲು. ಕ್ರೀಡಾಮನೋಭಾವದ ಪ್ರಶಸ್ತಿ ಅಮ್ಮನಿಗೆ ತೋರಿಸಲು ಚೆನ್ನ.

ಇನ್ನು ಆರಿಸಿ ಅಂದರೆ ಹೀಗೆ ಆರಿಸುತ್ತೇನೆ. ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗ, ಮೊದಲ ಒಪ್ಪಂದ ಮುಗಿಯುತ್ತಾ ಬಂದಿದೆ ಅಂದರೆ ಕಣ್ಣು ಮುಚ್ಚಿ ಆಲ್-ಎನ್‌ಬಿಎ, ಮೂರನೇ ತಂಡ ಆದರೂ ಸರಿ. ಕೈಗೆ ಶಾಟ್ ಹತ್ತದ, ಆದರೆ ಎತ್ತರವೂ ಹಟವೂ ಇರುವವನು ಡಿಫೆನ್ಸ್ ಹಿಂದೆ ಬೀಳಲಿ. ಮೂವತ್ತು ದಾಟಿದೆ, ದುಡ್ಡು ಬಂದಾಗಿದೆ, ಆದರೆ ಗೆದ್ದಿಲ್ಲ ಅನ್ನುವ ಮಾತು ಬೆನ್ನು ಬಿಟ್ಟಿಲ್ಲ, ಅವನಿಗೆ ಫೈನಲ್ಸ್ ಎಂವಿಪಿ, ಅವನಿಗೆ ಮಾತ್ರ. ಸ್ಟಾರ್ಟರ್ ಆಗುವ ಆಸೆ ಬಿಟ್ಟವನಿಗೆ ಸಿಕ್ಸ್ತ್ ಮ್ಯಾನ್.

ಇದನ್ನೇ ಚುಟುಕಾಗಿ ಕೋರ್ಟಿನಲ್ಲಿ ಒಂದು ಸಲ ಹೇಳಿ ನೋಡಿದೆ. ಎಲ್ಲರೂ ಕೇಳಿ, ಆದರೂ ಫೈನಲ್ಸ್ ಎಂವಿಪಿ ಅಂದರು. ಆಮೇಲೆ ನಮ್ಮಲ್ಲಿ ಒಳ್ಳೆಯ ಗಾರ್ಡ್ ಇದ್ದಾನಲ್ಲ, ಡಿಗ್ರಿ ಎರಡನೇ ವರ್ಷದವನು, ಪಕ್ಕಕ್ಕೆ ಕರೆದ. ವಿಶ್ವವಿದ್ಯಾಲಯದ ಆಯ್ಕೆ ಇದೆಯಂತೆ. ಅದೇ ದಿನ ಕೊಪ್ಪಳದ ಕಡೆ ಒಂದು ಟೂರ್ನಿಯೂ ಇದೆಯಂತೆ, ಬೆಸ್ಟ್ ಪ್ಲೇಯರ್‌ಗೆ ಐದು ಸಾವಿರ ನಗದು, ಕಪ್ ಬೇರೆ. ಎಲ್ಲಿಗೆ ಹೋಗಲಿ ಅಂತ ಕೇಳಿದ. ಆಯ್ಕೆಗೆ ಹೋಗು ಅಂದೆ, ಬಟ್ಟೆ ಕ್ಲಿಪ್ಪಿನ ಕಥೆಯನ್ನೂ ಹೇಳಿದೆ. ನಕ್ಕ. ನೋಡುತ್ತೇನೆ ಅಣ್ಣ ಅಂದ. ಆ ಕಪ್ ಮೂರು ಅಡಿ ಇದೆಯಂತೆ.